ಬೆಂಗಳೂರಿನ ಹಳೆಯ ಮರಗಳು: ಮೊದಲು ಬುಡ ನೋಡಿ

ಫೆಬ್ರುವರಿ ಬಂತೆಂದರೆ ಬೆಂಗಳೂರಿನ ಮರಗಳ ಫೋಟೋಗಳು ಫೋನಿನಿಂದ ಫೋನಿಗೆ ಓಡಾಡತೊಡಗುತ್ತವೆ. ಮೊದಲು ಟಬೆಬುಯಾ, ಹಿಂದೆಯೇ ಜಕರಂದಾ, ಏಪ್ರಿಲ್ ಹೊತ್ತಿಗೆ ಗುಲ್‌ಮೊಹರ್. ಚೆನ್ನಾಗಿಯೇ ಇರುತ್ತವೆ. ಆದರೆ ಮರದ ಆಯಸ್ಸು ನಿರ್ಧಾರವಾಗುವುದು ಹೂವಿನಲ್ಲಲ್ಲ, ಕಾಂಡದ ಸುತ್ತಲಿನ ಐದಾರು ಅಡಿ ಮಣ್ಣಿನಲ್ಲಿ. ಅದರ ಫೋಟೋ ಯಾರೂ ತೆಗೆಯುವುದಿಲ್ಲ. ತೆಗೆದರೆ ಕಾಣುವುದು ಸಿಮೆಂಟು, ಪೇವರ್ ಬ್ಲಾಕು, ಕೇಬಲ್ ಗುಂಡಿ, ಕಸದ ರಾಶಿ.

ಈ ಊರಿನಲ್ಲಿ ಹಿಂದಿನವರು ಮರ ನೆಟ್ಟಾಗಲೆಲ್ಲ ಅದರ ಬುಡಕ್ಕೂ ಒಂದು ಏರ್ಪಾಡು ಮಾಡಿದ್ದರು. ತೋಪಿಗೆ ಊರೊಟ್ಟಿನ ಜಾಗ, ಅರಳಿಗೆ ಕಟ್ಟೆ, ಸಾಲುಮರಕ್ಕೆ ರಸ್ತೆ ಪಕ್ಕದ ಮಣ್ಣಿನ ಅಂಚು. ನಾವು ಮರಗಳನ್ನು ಒಂದಿಷ್ಟು ಉಳಿಸಿಕೊಂಡು ಆ ಏರ್ಪಾಡನ್ನು ಕಿತ್ತುಹಾಕಿದ್ದೇವೆ. ಏಪ್ರಿಲ್–ಮೇ ತಿಂಗಳ ಮೊದಲ ಬಿರುಮಳೆಗೇ ಸಾಲುಸಾಲು ಮರ ಉರುಳುವುದಕ್ಕೆ ನನ್ನ ಲೆಕ್ಕದಲ್ಲಿ ಗಾಳಿಗಿಂತ ದೊಡ್ಡ ಕಾರಣ ಇದು.

ಯಾರು ಏನು ನೆಟ್ಟರು

ಎಲ್ಲಕ್ಕಿಂತ ಹಳೆಯದು ಗುಂಡುತೋಪು. ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿ ಕೆರೆ, ಗೋಮಾಳದ ಹಾಗೆಯೇ ಗುಂಡುತೋಪೂ ಊರಿಗೆ ಸೇರಿದ ಆಸ್ತಿ. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ, ಇಪ್ಪೆ, ಗೋಣಿ: ಆರಿಸಿದ ಮರಗಳನ್ನು ನೋಡಿದರೇ ಲೆಕ್ಕಾಚಾರ ತಿಳಿಯುತ್ತದೆ. ಹೊಂಗೆಯ ಬೀಜ ದೀಪದ ಎಣ್ಣೆಗೆ, ಸೊಪ್ಪು ಗದ್ದೆಯ ಗೊಬ್ಬರಕ್ಕೆ. ಮಾವು, ಹುಣಸೆಯ ಫಸಲನ್ನು ಹರಾಜು ಹಾಕಿದರೆ ಊರ ಖರ್ಚಿಗೊಂದಿಷ್ಟು ಹಣ. ಪರ, ಜಾತ್ರೆಗೆ ಒಲೆ ಹೂಡಲು ನೆರಳು. ಮಧ್ಯಾಹ್ನ ದನ ಮಲಗಲು ಅದೇ ನೆರಳು. ದನದ ಸಗಣಿ, ಉದುರಿದ ತರಗು ಎರಡೂ ಅಲ್ಲೇ ಬಿದ್ದು ಅಲ್ಲೇ ಮಣ್ಣಾಗುತ್ತಿದ್ದವು. ಯಾರೂ ಗೊಬ್ಬರ ಹಾಕದೆ ಆ ಮರಗಳು ನೂರು ವರ್ಷ ದಾಟಿದ್ದು ಹೀಗೆ.

ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು ಈ ಪರಂಪರೆಯ ದೊಡ್ಡ ಉಳಿಕೆ. 54 ಎಕರೆಯ ಈ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅಲ್ಲಿನ ಮುದಿ ಹುಣಸೆಗಳ ಕಾಂಡ ಒಳಗೆಲ್ಲ ಟೊಳ್ಳು, ಹೊರಗೆ ಹಗ್ಗ ಹೊಸೆದಂತೆ ತಿರುಚಿಕೊಂಡ ಮೈ, ಮೇಲೆ ಹಸಿರು. ಟೊಳ್ಳಾದ ಮರ ಸತ್ತ ಮರವಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೈಸೂರು ರಸ್ತೆಯಿಂದ ಒಳಕ್ಕೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರದ್ದು ಇನ್ನೊಂದು ಪಾಠ. ಸುಮಾರು 3 ಎಕರೆ ಹಬ್ಬಿರುವ ಈ ಮರದ ಮೂಲ ಕಾಂಡ ರೋಗ ತಗಲಿ ಎಂದೋ ಹೋಯಿತು. ಮರ ಮಾತ್ರ ಬಿಳಲುಗಳ ಮೇಲೆ ನಿಂತಿದೆ. ಆಲಕ್ಕೆ ಬಿಳಲೇ ಕಂಬ. ಅಡ್ಡಕೊಂಬೆ ಉದ್ದವಾದಷ್ಟೂ ಕೆಳಗಿನಿಂದ ಆಸರೆ ಬೇಕು. ನಗರದಲ್ಲಿ ಓಡಾಟಕ್ಕೆ ಅಡ್ಡಿಯೆಂದು ಬಿಳಲನ್ನು ಕತ್ತರಿಸುತ್ತಲೇ ಇರುತ್ತೇವೆ; ಇಪ್ಪತ್ತು ವರ್ಷದ ನಂತರ ಕೊಂಬೆ ತನ್ನ ಭಾರಕ್ಕೇ ಮುರಿದಾಗ ಮರ ಅಪಾಯಕಾರಿ ಎನ್ನುತ್ತೇವೆ. ಪಾರ್ಕು, ದೇವಸ್ಥಾನದ ಆವರಣದಲ್ಲಾದರೂ ಬಿಳಲು ಇಳಿಸಿಕೊಳ್ಳಬಹುದು. ಸೀಳಿದ ಬಿದಿರಿನ ಕೊಳವೆಗೆ ಮಣ್ಣು, ಕೊಟ್ಟಿಗೆ ಗೊಬ್ಬರ ಸಮಪಾಲು ತುಂಬಿ, ಬಿಳಲಿನ ತುದಿಯನ್ನು ಒಳಗಿಟ್ಟು ಕಟ್ಟಿ, ಬುಡ ನೆಲಕ್ಕೆ ತಾಗುವಂತೆ ನಿಲ್ಲಿಸಿ, ತೇವ ಆರದಂತೆ ನೋಡಿಕೊಂಡರೆ ಬಿಳಲು ನೆಲ ಮುಟ್ಟುತ್ತದೆ. ಮುಟ್ಟಿದ ಮೇಲೆ ಅದು ದಪ್ಪವಾಗುವ ವೇಗ ನೋಡುವಂಥದ್ದು.

ಮಾಗಡಿ ಸೀಮೆಯ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ, ಅವರ ಪತಿ ಚಿಕ್ಕಯ್ಯ ಬೆಳೆಸಿದ 385 ಆಲಗಳೂ ಇದೇ ಲೆಕ್ಕದವು. ಆಲದ ಗಿಡವನ್ನು ಮಳೆಗಾಲಕ್ಕೆ ಸರಿಯಾಗಿ ನೆಡುವುದು, ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ, ಬೇಸಿಗೆಯಲ್ಲಿ ಹೊತ್ತು ತಂದ ನೀರು. ನೆಟ್ಟದ್ದಕ್ಕಿಂತ ನೀರು ಹೊತ್ತದ್ದು ದೊಡ್ಡದು. 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಈ ಸಾಲು ಸಿಕ್ಕಿಕೊಳ್ಳುವಂತಾದಾಗ ತಿಮ್ಮಕ್ಕ ಮುಖ್ಯಮಂತ್ರಿಯನ್ನು ಕಂಡು ಮರ ಉಳಿಸಿಕೊಡಿ ಎಂದು ಕೇಳಬೇಕಾಗಿ ಬಂತು.

ಪೇಟೆಯ ಕಡೆಗೆ ಬಂದರೆ 1760ರಲ್ಲಿ ಹೈದರಾಲಿ ಶುರು ಮಾಡಿ ಟಿಪ್ಪು ಬೆಳೆಸಿದ ಲಾಲ್‌ಬಾಗ್, 1870ರ ಕಬ್ಬನ್ ಪಾರ್ಕು. 1908ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಅವರ ಜಾಗಕ್ಕೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬೀದಿ ಬರಿದಾಗಿರಬಾರದು ಎಂಬ ಅವರ ಯೋಜನೆಯ ಫಲವನ್ನೇ ನಾವಿವತ್ತು ಫೋಟೋ ತೆಗೆಯುತ್ತಿರುವುದು. ಮಳೆ ನಿಂತ ಮೇಲೆ ಆಕಾಶಮಲ್ಲಿಗೆ, ಚಳಿಯಲ್ಲಿ ಗುಲಾಬಿ ಟಬೆಬುಯಾ, ಆಮೇಲೆ ಹಳದಿಯದು, ಯುಗಾದಿಯ ಆಸುಪಾಸು ಹೊಂಗೆಯ ಚಿಗುರು, ಬೇಸಿಗೆಗೆ ಕಕ್ಕೆ, ಹೊಳೆದಾಸವಾಳ. ಮೊದಲು ಹೇಳಿದವುಗಳಲ್ಲಿ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದಾ ದಕ್ಷಿಣ ಅಮೆರಿಕದ್ದು. ಪರದೇಶಿ ಎಂಬ ಒಂದೇ ಕಾರಣಕ್ಕೆ ಅವನ್ನು ಹಳಿಯುವವರ ಜೊತೆ ನಾನಿಲ್ಲ. ನೂರು ವರ್ಷದಿಂದ ನೆರಳು ಕೊಟ್ಟ ಮರ ಈ ಊರಿನದೇ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ಬಡಾವಣೆಗಳ ಬೀದಿಗಳಿಗೆ ಸುಮಾರು 15 ಲಕ್ಷ ಸಸಿ ಬಂದವು. ಇಂದು ನಾವು ಹಳೆಯ ಬಡಾವಣೆಯ ಮರ ಎನ್ನುವುದರಲ್ಲಿ ಬಹುಪಾಲು ಆ ಕಾಲದ್ದು, ಅಂದರೆ ನಲವತ್ತು ದಾಟಿದವು. ಒಂದೇ ಕಾಲಕ್ಕೆ ನೆಟ್ಟವು ಒಂದೇ ಕಾಲಕ್ಕೆ ಮುದಿಯಾಗುತ್ತವೆ. ಈಗ ಬುಡ ನೋಡದಿದ್ದರೆ ಮುಂದಿನ ಹದಿನೈದು ವರ್ಷದಲ್ಲಿ ಬೀದಿಗೆ ಬೀದಿಯೇ ಬೋಳಾಗುತ್ತದೆ.

ಬೋಳಾದರೆ ಏನಾಗುತ್ತದೆ ಎನ್ನುವುದಕ್ಕೆ ಅಳತೆ ಇದೆ. ಬೆಂಗಳೂರಿನ ಬೀದಿಗಳನ್ನೇ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರವಿರುವ ರಸ್ತೆಯ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಂಬರಿನ ಮೈ 27.5 ಡಿಗ್ರಿಯವರೆಗೆ ತಣ್ಣಗಿತ್ತು. ರಸ್ತೆ ಬದಿ ಸೊಪ್ಪು, ಹೂವು ಮಾರುವವರು ಮಧ್ಯಾಹ್ನ ಎಲ್ಲಿ ಕೂರಬಹುದು ಎಂಬುದನ್ನು ನಿರ್ಧರಿಸುವ ಅಂಕಿ ಇದು.

ಬುಡ ಓದುವ ಬಗೆ

ನಿಮ್ಮ ಬೀದಿಯ ಒಂದು ಮರದ ಹತ್ತಿರ ಹೋಗಿ ನಿಲ್ಲಿ. ಕಾಂಡ ನೆಲ ಸೇರುವ ಕಡೆ ಅಗಲವಾಗಿ ಹರಡಿಕೊಂಡಿರಬೇಕು, ಬೇರಿನ ಹೆಗಲು ಕಣ್ಣಿಗೆ ಕಾಣಬೇಕು. ಲಾಲ್‌ಬಾಗಿನ ಬಿಳಿ ಬೂರುಗದಲ್ಲಿ ಇದು ಗೋಡೆಯಷ್ಟು ಎತ್ತರಕ್ಕೆ ಎದ್ದು ಕಾಣುತ್ತದೆ. ಹೊಂಗೆಯಲ್ಲಿ ಗೇಣುದ್ದ ಕಂಡರೆ ಸಾಕು. ಕಾಂಡ ಲೈಟು ಕಂಬದಂತೆ ನೇರ ನೆಲದೊಳಕ್ಕೆ ಇಳಿದಿದ್ದರೆ ಬುಡ ಹೂತಿದೆ ಎಂದು ಅರ್ಥ. ಪ್ರತಿ ಸಲ ಫುಟ್‌ಪಾತ್ ಮಾಡುವಾಗ ಹಳೆಯದರ ಮೇಲೆ ಹೊಸದು ಹಾಕಿ ನೆಲ ಮುಕ್ಕಾಲು ಅಡಿ, ಒಂದಡಿ ಏರಿರುತ್ತದೆ. ಕಾಂಡದ ತೊಗಟೆ ಗಾಳಿಯಲ್ಲಿರಲು ಹುಟ್ಟಿದ್ದು. ಮಣ್ಣು, ಸಿಮೆಂಟಿನಡಿ ತೇವದಲ್ಲಿ ಕೊಳೆಯುತ್ತದೆ.

ಬುಡದಲ್ಲಿ ಕಂದು ಬಣ್ಣದ, ಮೆರುಗೆಣ್ಣೆ ಬಳಿದಂತೆ ಹೊಳೆಯುವ, ಅಂಚಿನಲ್ಲಿ ಬಿಳಿ ಇರುವ ಅಣಬೆ ತಟ್ಟೆ ತಟ್ಟೆಯಾಗಿ ಎದ್ದಿದ್ದರೆ ಅದು ಗ್ಯಾನೊಡರ್ಮಾ ಎಂಬ ಶಿಲೀಂಧ್ರ. ಒಳಗಿನ ಬೇರು ಕೊಳೆತಿರುವ ಗುರುತು. ಅಣಬೆ ಕಿತ್ತರೆ ರೋಗ ಹೋಗುವುದಿಲ್ಲ, ಫೋಟೋ ತೆಗೆದು ಪಾಲಿಕೆಯ ಅರಣ್ಯ ವಿಭಾಗಕ್ಕೆ ಕೊಡಿ. ಗಾಳಿ ಮಳೆಯ ಮರುದಿನ ಬುಡದ ಒಂದು ಕಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಅದು ತಡಮಾಡುವ ವಿಷಯವೇ ಅಲ್ಲ. ಮರ ಆಗಲೇ ಅಲುಗಿದೆ. ತಲೆ ಎತ್ತಿದರೆ ತುದಿಕೊಂಬೆಗಳು ಒಣಗುತ್ತ ಬಂದಿರುವುದು, ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುವುದು ಬೇರಿನ ಹಸಿವನ್ನು ತೋರಿಸುತ್ತವೆ.

ಪೊಳ್ಳಿನ ಬಗ್ಗೆ ಅನಗತ್ಯ ಹೆದರಿಕೆ ಇದೆ. ಕಾಂಡದ ಸುತ್ತ, ಅದರ ತ್ರಿಜ್ಯದ ಮೂರನೇ ಒಂದು ಭಾಗದಷ್ಟು ದಪ್ಪದ ಗಟ್ಟಿ ಮರ ಉಳಿದಿದ್ದರೆ ಸಾಮಾನ್ಯವಾಗಿ ಅದು ಭಾರ ತಡೆಯುತ್ತದೆ. ಪೊಳ್ಳಿಗೆ ಕಾಂಕ್ರೀಟ್ ತುಂಬುವ ಹಳೆಯ ಚಾಳಿ ಮಾತ್ರ ಬೇಡ. ಮರ ಗಾಳಿಗೆ ಬಾಗುತ್ತದೆ, ಕಾಂಕ್ರೀಟ್ ಬಾಗುವುದಿಲ್ಲ. ನಡುವೆ ಸಂದು ಬಿದ್ದು ನೀರು ನಿಂತು ಕೊಳೆತ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಆ ಪೊಳ್ಳಿನಲ್ಲಿ ಗಿಣಿಯೋ ಗೂಬೆಯೋ ಇದ್ದರೆ ಇರಲಿ.

ಸಿಮೆಂಟು ಬಿಡಿಸುವುದು

ಬೇರಿಗೆ ಉಸಿರಾಟವಿದೆ. ನೀರು, ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಇರುತ್ತವೆ, ದಪ್ಪ ಬೇರುಗಳೂ ಹೆಚ್ಚಿನವು ಮೂರಡಿ ದಾಟುವುದಿಲ್ಲ. ನೆಲದ ಮೇಲೆ ಮರ ಎಷ್ಟೆತ್ತರವೋ ಕೆಳಗೂ ಅಷ್ಟೇ ಆಳಕ್ಕೆ ಬೇರು ಹೋಗಿರುತ್ತದೆ ಎಂಬ ನಂಬಿಕೆಯಿಂದಲೇ ಅರ್ಧ ಅನಾಹುತ ಆಗುತ್ತಿದೆ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ಒಂದು ಮೀಟರ್ ಕನಿಷ್ಠ. ಹೊಂಗೆ, ಬೇವಿಗೆ 4 ಅಡಿಗೆ 4 ಅಡಿ, ಮಳೆಮರ ಅಥವಾ ಅರಳಿಗೆ 6 ಅಡಿಗೆ 6 ಅಡಿ ಬಿಡಿಸಿದರೆ ಒಳ್ಳೆಯದು.

ಫುಟ್‌ಪಾತ್ ಪಾಲಿಕೆಯದು, ಹಾಗಾಗಿ ಮೊದಲು ವಾರ್ಡ್ ಎಂಜಿನಿಯರಿಗೆ ಬರೆದು ಒಪ್ಪಿಗೆ ಪಡೆಯಿರಿ. ಕೆಲಸವನ್ನು ಕೈಯಲ್ಲೇ ಮಾಡಿಸಿ: ಉಳಿ, ಸುತ್ತಿಗೆ, ಸಣ್ಣ ಹಾರೆ. ಜೆಸಿಬಿ ಬೇಡವೇ ಬೇಡ, ಅದರ ಬಕೆಟ್ಟು ಚಪ್ಪಡಿಯ ಜೊತೆ ಬೇರಿನ ಸಿಪ್ಪೆಯನ್ನೂ ಎಬ್ಬಿಸಿಕೊಂಡು ಬರುತ್ತದೆ. ಕಾಂಡದ ಕಡೆಯಿಂದ ಹೊರಕ್ಕೆ ಒಡೆಯುತ್ತ ಬನ್ನಿ. ಕಾಂಡಕ್ಕೆ ಅಂಟಿದ ಸಿಮೆಂಟು ಸಡಿಲವಾಗಿದ್ದರೆ ತೆಗೆಯಿರಿ, ತೊಗಟೆಯೊಳಗೆ ಸೇರಿಹೋದ ಚೂರನ್ನು ಅಲ್ಲೇ ಬಿಡಿ. ಕೆಳಗೆ ಸಿಗುವ ಜಲ್ಲಿ, ಎಂಸ್ಯಾಂಡ್ ಹೊರಹಾಕಿ. ಗಟ್ಟಿಯಾದ ಮಣ್ಣನ್ನು ಎರಡು ಇಂಚು ಮಾತ್ರ ಕೆದಕಬೇಕು. ಆಳಕ್ಕೆ ಅಗೆಯುವ ಉತ್ಸಾಹದಲ್ಲಿ ಸಣ್ಣ ಬೇರೆಲ್ಲ ಹರಿದುಹೋಗುತ್ತದೆ.

ಮಣ್ಣು ಕಲ್ಲಾಗಿದ್ದರೆ ಹಾರೆಯಿಂದ ಎರಡು ಇಂಚು ಅಗಲ, ಒಂದಡಿ ಆಳದ ತೂತುಗಳನ್ನು ಎರಡೆರಡು ಅಡಿ ಅಂತರದಲ್ಲಿ ಹಾಕಿ. ಬೇರು ತಾಕಿದರೆ ಅಲ್ಲಿ ಬಿಟ್ಟು ಪಕ್ಕಕ್ಕೆ ಸರಿಯಿರಿ. ತೂತಿಗೆ ಕಾಂಪೋಸ್ಟು, ಮರಳು ಸಮಪಾಲು. ಮೇಲೆ ಎರಡು ಬಾಂಡ್ಲಿ ಗೊಬ್ಬರ ಹರಡಿ ಮೂರು ಇಂಚು ತರಗೆಲೆ ಮುಚ್ಚಿಗೆ. ಈ ಮುಚ್ಚಿಗೆ ಕಾಂಡಕ್ಕೆ ತಾಗದೆ ಅರ್ಧ ಅಡಿ ದೂರವಿರಲಿ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಹದಿನೈದು ದಿನಕ್ಕೊಮ್ಮೆ 150–200 ಲೀಟರ್ ನೀರು ನಿಧಾನವಾಗಿ ಇಂಗಲಿ. ಬೀದಿ ಗುಡಿಸಿ ಸುಡುವ ಎಲೆಯನ್ನೇ ಇಲ್ಲಿ ಹಾಕಿದರೆ ಹೊಗೆಯೂ ಇಲ್ಲ, ಖರ್ಚೂ ಇಲ್ಲ.

ಮೊಳೆ, ಜಾಹೀರಾತು ತಗಡು, ದೀಪದ ಸರದ ತಂತಿ ಕಂಡರೆ ಇಕ್ಕಳದಿಂದ ತೆಗೆಯಬಹುದು. ಮರ ನುಂಗಿಕೊಂಡ ಮೊಳೆಯನ್ನು ಅಗೆದು ತೆಗೆಯಬಾರದು. ಕಬ್ಬಿಣದ ಟ್ರೀ ಗಾರ್ಡ್ ಕಾಂಡಕ್ಕೆ ಎರಡು ಇಂಚು ಹತ್ತಿರ ಬಂದಾಗಲೇ ಕತ್ತರಿಸಬೇಕು. ಹಸಿರಿನ ಹೆಸರಲ್ಲಿ ಕಟ್ಟಿದ ಗಾರ್ಡಿನ ಬಳೆಯೇ ಕುತ್ತಿಗೆ ಬಿಗಿದು ಕೊಂದ ಮರಗಳು ಪ್ರತಿ ಬಡಾವಣೆಯಲ್ಲೂ ಇವೆ.

ಅಶ್ವತ್ಥಕಟ್ಟೆಯದು ಬೇರೆಯೇ ಕಥೆ. ಅರಳಿ, ಬೇವು ಜೊತೆಗೆ ನೆಟ್ಟು, ಸುತ್ತ ಗಾರೆಯಿಲ್ಲದೆ ಕಲ್ಲು ಜೋಡಿಸಿ, ನಡುವೆ ಮಣ್ಣು ತುಂಬಿ, ನಾಗರಕಲ್ಲು ಪ್ರತಿಷ್ಠೆ ಮಾಡಿದ ಹಳೆಯ ಕಟ್ಟೆ ಬೇರಿಗೆ ಹೇಳಿ ಮಾಡಿಸಿದ ಜಾಗ: ಕಲ್ಲಿನ ಸಂದಿನಲ್ಲಿ ಗಾಳಿ, ಪ್ರದಕ್ಷಿಣೆಯವರ ಕಾಲು ಬೀಳುವುದು ಕಲ್ಲಿನ ಮೇಲೆ, ಸುರಿದ ನೀರು ನೇರ ಬುಡಕ್ಕೆ. ಜೀರ್ಣೋದ್ಧಾರ ಎಂದರೆ ಈಗ ಕಾಂಡದ ತನಕ ಗ್ರಾನೈಟು, ಟೈಲ್ಸು. ಭಕ್ತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಸಮಿತಿಯವರ ಹತ್ತಿರ ಮೂರು ವಿಷಯ ಮಾತಾಡಿ. ಕಾಂಡದ ಸುತ್ತ ಮೂರಡಿ ಮಣ್ಣು ತೆರೆದಿರಲಿ. ಹಾಸುಗಲ್ಲನ್ನು ಸಿಮೆಂಟಿನ ಬದಲು ಮರಳಿನ ಮೇಲೆ ಕೂರಿಸಿ. ದೀಪಕ್ಕೆ ಪ್ರತ್ಯೇಕ ಕಲ್ಲು ಇಡಿ, ಬೇರಿನ ಸಂದಿನಲ್ಲಿ ಹಚ್ಚಿದ ದೀಪ ತೊಗಟೆಯಡಿಯ ಜೀವಪದರವನ್ನೇ ಸುಡುತ್ತದೆ. ಹಾಲು, ತುಪ್ಪದ ಅಭಿಷೇಕ ನಾಗರಕಲ್ಲಿಗೆ ಆಗಲಿ, ಮರಕ್ಕೆ ನೀರು ಸಾಕು.

ಬೇರು, ಕೊಂಬೆ ಕತ್ತರಿಸುವಾಗ

ಉರುಳಿದ ಮರವನ್ನು ತುಂಡು ಮಾಡಿ ಸಾಗಿಸುವ ಮೊದಲು ಅದರ ಬೇರಿನ ತಟ್ಟೆ ನೋಡಿ. ಒಂದು ಕಡೆ ಬೇರು ನೀಳವಾಗಿ ಹರಿದಿರುತ್ತದೆ, ಇನ್ನೊಂದು ಕಡೆ ಚರಂಡಿಯ ಗೋಡೆಗೆ ಸಮನಾಗಿ ಚಪ್ಪಟೆ, ಕಡಿದ ತುದಿಗಳು ಕಪ್ಪಾಗಿ ಕೊಳೆತಿರುತ್ತವೆ. ಗಾಳಿ ಬರುವ ಕಡೆಯ ಬೇರುಗಳು ಮರವನ್ನು ಎಳೆದು ಹಿಡಿಯಬೇಕು. ಆ ಕಡೆಯದನ್ನೇ ಎರಡು ಮೂರು ವರ್ಷದ ಹಿಂದೆ ಕೇಬಲ್ಲಿಗೋ ಚರಂಡಿಗೋ ಕಡಿದಿದ್ದರೆ ಮಣ್ಣು ನೆನೆದ ದಿನ ಮರ ಮಲಗುತ್ತದೆ. ಕಡಿದವರು ಆ ಹೊತ್ತಿಗೆ ಬಿಲ್ಲು ಪಡೆದು ಹೋಗಿರುತ್ತಾರೆ.

ಅಳತೆ ಹೀಗೆ ಮಾಡಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ. ಸುತ್ತಳತೆ 6 ಅಡಿ ಎಂದುಕೊಳ್ಳಿ, 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 1.9 ಅಡಿ. ವ್ಯಾಸದ 12 ಪಟ್ಟು, ಅಂದರೆ 23 ಅಡಿಯೊಳಗೆ ಅಗೆತ ಬೇಡ ಎನ್ನುವುದು ಒಳ್ಳೆಯ ನಿಯಮ. ನಮ್ಮ ಬೀದಿಯಲ್ಲಿ 23 ಅಡಿ ಎಂದರೆ ಎದುರು ಮನೆಯ ಕಾಂಪೌಂಡು ಬರುತ್ತದೆ, ಪೂರ್ತಿ ಪಾಲಿಸಲಾಗದು. ಆದರೆ ವ್ಯಾಸದ 4 ಪಟ್ಟು, ಸುಮಾರು ಏಳೂವರೆ ಅಡಿಯೊಳಗೆ ಬೇರು ಕಡಿಯಲೇಬಾರದು. ಅಲ್ಲಿ ಪೈಪು ಹೋಗಲೇಬೇಕಾದರೆ ಮೂರಡಿಗಿಂತ ಕೆಳಗೆ ಅಡ್ಡಕ್ಕೆ ಕೊರೆದು ದಾಟಿಸಲಿ. ಹೊರಗಡೆಯೂ ಎರಡು ಇಂಚಿಗಿಂತ ದಪ್ಪದ ಬೇರನ್ನು ಬಿಟ್ಟು ಅದರಡಿ ತೂರಿಸಬಹುದು. ಕಡಿಯಲೇಬೇಕಾದ ಬೇರನ್ನು ಯಂತ್ರದಿಂದ ಎಳೆಯದೆ ಗರಗಸದಿಂದ ನೀಟಾಗಿ ಕೊಯ್ದು, ಗುಂಡಿ ಮುಚ್ಚುವ ತನಕ ಒದ್ದೆ ಗೋಣಿಚೀಲ ಹೊದಿಸಬೇಕು.

ಕೊಂಬೆ ಸವರುವುದರಲ್ಲಿ ನಡೆಯುವ ದೊಡ್ಡ ತಪ್ಪು ತಲೆ ಬೋಳಿಸುವುದು. ಬೋಳಿಸಿದ ಕಡೆ ಹತ್ತಾರು ಚಿಗುರು ಒಟ್ಟಿಗೆ ಎದ್ದು, ಮೇಲ್ಮೈಗೆ ಅಂಟಿಕೊಂಡೇ ದಪ್ಪವಾಗಿ, ನಾಲ್ಕೈದು ವರ್ಷಕ್ಕೆ ಸಿಡಿದು ಬೀಳುತ್ತವೆ. ಗುಲ್‌ಮೊಹರ್, ನೀರುಕಾಯಿ ಮರದಂಥ ಮೆದು ಮರದಲ್ಲಂತೂ ಇದು ಖಚಿತ. ದಪ್ಪ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಒಂದೂವರೆ ಅಡಿ ಆಚೆ, ಅಡಿಯಿಂದ ಮೇಲಕ್ಕೆ ಮೂರನೇ ಒಂದು ಭಾಗ, ಅದರಿಂದ ಎರಡಿಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆ ಕಾಂಡ ಸೇರುವ ಉಬ್ಬಿದ ಕೊರಳಿನ ಹೊರಗೆ. ಮೊದಲ ಕೊಯ್ತ ಬಿಟ್ಟರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಆಳುದ್ದ ಸೀಳಿಕೊಂಡು ಹೋಗುತ್ತದೆ. ಕೊರಳನ್ನೇ ಕೊಯ್ದರೆ ಗಾಯ ಮುಚ್ಚುವುದಿಲ್ಲ. ಟಾರು, ಪೇಂಟು ಬಳಿಯುವುದರಿಂದ ಪ್ರಯೋಜನವಿಲ್ಲ, ಒಳಗೆ ತೇವ ಹಿಡಿದಿಡುತ್ತದೆ ಅಷ್ಟೆ. ಏಣಿ ಇಡುವ ಮೊದಲು ಗೂಡು ಇದೆಯೇ ನೋಡಿ. ಒಣಕೊಂಬೆಯ ದುಂಡನೆಯ ತೂತಿನಲ್ಲಿ ಕುಟ್ರುಹಕ್ಕಿ ಮರಿ ಮಾಡಿರುತ್ತದೆ.

ಕಾಗದಪತ್ರ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಖಾಸಗಿ ಜಾಗದ ಮರಕ್ಕೂ ಬೇಕು, ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಕಾಯ್ದೆಯ ಅರ್ಥದಲ್ಲಿ ಕಡಿಯುವುದು ಎಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಸುತ್ತಲೂ ತೊಗಟೆ ಕೆತ್ತುವುದು, ವಿಷ ಹಾಕುವುದು, ಸುಡುವುದು ಎಲ್ಲವೂ ಸೇರುತ್ತದೆ. ಬುಡಕ್ಕೆ ಆ್ಯಸಿಡ್ ಸುರಿದು ಮರ ತಾನಾಗಿ ಒಣಗಿತು ಎನ್ನುವವರಿಗೆ ಇದು ಅನ್ವಯಿಸುತ್ತದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವ ಯೋಜನೆಯಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಲೇಬೇಕು.

ಆಕ್ಷೇಪಣೆ ಬರೆಯುವಾಗ ಭಾವುಕತೆಗಿಂತ ವಿವರ ಕೆಲಸ ಮಾಡುತ್ತದೆ: ಪ್ರತಿ ಮರದ ಜಾತಿ, ಸುತ್ತಳತೆ, ಜಾಗದ ಜಿಪಿಎಸ್ ಗುರುತು, ಬುಡದ್ದೂ ನೆತ್ತಿಯದ್ದೂ ಫೋಟೋ, ಗೂಡುಗಳು, ಯೋಜನೆ ಎಷ್ಟು ಅಡಿ ಸರಿದರೆ ಯಾವ ಮರವನ್ನು ಉಳಿಸಬಹುದು ಎಂಬ ಸಲಹೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗಲಿದ್ದಾಗ 2016ರಲ್ಲಿ ಜನ ರಸ್ತೆ ಬದಿ ಸಾಲುಗಟ್ಟಿ ನಿಂತರು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಊರಂಚಿನಲ್ಲಿರುವವರು ಇನ್ನೊಂದು ಕೆಲಸ ಮಾಡಬಹುದು. ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸುತ್ತಲಿನ ಹಳೆಯ ಮರಗುಂಪು ಯಾವ ಸರ್ವೆ ನಂಬರಿನಲ್ಲಿದೆ ನೋಡಿ, ಆ ನಂಬರಿನ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ತೆಗೆಯಿರಿ. ಸರ್ಕಾರಿ ಗುಂಡುತೋಪು ಎಂದು ನಮೂದಾಗಿದ್ದರೆ ಅದರ ಗ್ರಾಮನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ನಕಲಿಗೆ ಅರ್ಜಿ ಹಾಕಿ, ದಾಖಲೆಯ ವಿಸ್ತೀರ್ಣಕ್ಕೂ ನೆಲದ ಮೇಲೆ ಉಳಿದ ಜಾಗಕ್ಕೂ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಿ. ಕಡಿಮೆ ಬಂದರೆ ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು, ಮಾಡಿಸಿಕೊಡುವಂತೆ ತಹಶೀಲ್ದಾರರಿಗೆ ಬರೆದು ಹಿಂಬರಹ (ಲಿಖಿತ ಉತ್ತರ) ಪಡೆದುಕೊಳ್ಳಿ. ಮರ ಒಂದೂ ಉಳಿದಿಲ್ಲದಿದ್ದರೂ ಅರ್ಜಿ ಹಾಕಿ. ಜಾಗ ಸಿಕ್ಕರೆ ಜೂನ್ ಮೊದಲ ಮಳೆಗೆ ಮೂರಡಿ ಉದ್ದ, ಅಗಲ, ಆಳದ ಗುಂಡಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು, ಆರಡಿ ಎತ್ತರದ ಹೊಂಗೆ, ನೇರಳೆ, ಹುಣಸೆ ಸಸಿ. ಮರದಿಂದ ಮರಕ್ಕೆ ಮೂವತ್ತು ಅಡಿ. ಚೀಲದೊಳಗೆ ಸುತ್ತಿಕೊಂಡ ಬೇರನ್ನು ಬಿಡಿಸಿ, ಬೇರಿನ ಹೆಗಲು ನೆಲಕ್ಕೆ ಸಮವಾಗಿರುವಂತೆ ನೆಡಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ, ಸಲಕ್ಕೆ 15–20 ಲೀಟರ್ ನೀರು.